ಡೀಸೆಲ್ ಅನ್ನೋದು ಒಬ್ಬ ಮನುಷ್ಯನ ಹೆಸರು. ನಿಮಗೆ ಯಾವಾಗ ಗೊತ್ತಾಯ್ತು?

ಹಿಟ್ಟಿನಗಿರಣಿ

ಎಲ್ಲರಿಗೂ ನಮಸ್ಕಾರ. ನಮ್ಮ ಊರು ಹಿರಿಯೂರಿನ ಕಡೆ. ತಾತನದ್ದು ಒಂದು ಹಿಟ್ಟಿನ ಗಿರಣಿ ಇತ್ತು. ಕರೆಂಟ್ ಇದ್ದ ದಿನ ಮೋಟಾರ್, ಇಲ್ಲದ ದಿನ ಆಯಿಲ್ ಇಂಜಿನ್. ಅದರ ಡುಗ್ ಡುಗ್ ಸದ್ದು ಕೇಳಿದರೆ ಪಕ್ಕದ ಹಳ್ಳಿಯವರು ರಾಗಿ ಚೀಲ ಹೊತ್ತು ಹೊರಡುತ್ತಿದ್ದರು. ನಾನು ಆರನೇ ಕ್ಲಾಸಿನಿಂದಲೇ ಆ ಇಂಜಿನ್ನಿಗೆ ಡಬ್ಬದಲ್ಲಿ ಡೀಸೆಲ್ ಹುಯ್ದವನು. ಅಂದರೆ ಈ ಪದ ನನ್ನ ಬಾಯಲ್ಲಿ ನಲವತ್ತು ವರ್ಷದಿಂದ ಇದೆ.

ಹೋದ ವಾರ ಬಂಕಿನಲ್ಲಿ ನಿಂತಾಗ ಮಗಳು ಕೇಳಿದಳು, "ಅಪ್ಪಾ, ಡೀಸೆಲ್ ಅಂದ್ರೆ ಏನು ಅರ್ಥ?" ನನಗೆ ಉತ್ತರ ಬರಲಿಲ್ಲ. ಮನೆಗೆ ಬಂದು ಓದಿದೆ. ಅದು ರೂಡಾಲ್ಫ್ ಡೀಸೆಲ್ ಎಂಬ ಇಂಜಿನಿಯರ್ ಹೆಸರು. ಹುಟ್ಟಿದ್ದು 1858ರ ಮಾರ್ಚ್ 18, ಪ್ಯಾರಿಸ್‌ನಲ್ಲಿ. ಅಪ್ಪ ಅಮ್ಮ ಜರ್ಮನ್ನರು. ಅಪ್ಪನಿಗೆ ಚರ್ಮದ ಸಾಮಾನು ಮಾಡುವ ಕೆಲಸ. 1870ರಲ್ಲಿ ಫ್ರಾನ್ಸ್‌ಗೂ ಜರ್ಮನಿಗೂ ಯುದ್ಧ ಶುರುವಾಗಿ, ಜರ್ಮನ್ನರೆಲ್ಲ ಪ್ಯಾರಿಸ್ ಬಿಡಬೇಕಾಯಿತು. ಮನೆಯವರು ಲಂಡನ್ನಿಗೆ ಹೋದರು. ಹನ್ನೆರಡು ವರ್ಷದ ಹುಡುಗನನ್ನು ಆಗ್ಸ್‌ಬರ್ಗ್‌ನಲ್ಲಿದ್ದ ನೆಂಟರ ಮನೆಗೆ ಕಳಿಸಿದರು. ಅಲ್ಲಿಂದ ಓದಿ ಓದಿ ಮ್ಯೂನಿಕ್‌ನ ಪಾಲಿಟೆಕ್ನಿಕ್ ಸೇರಿ, 1880ರಲ್ಲಿ ಬಹಳ ದೊಡ್ಡ ಅಂಕ ತೆಗೆದು ಹೊರಗೆ ಬಂದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಆ ಕಾಲದ ಉಗಿ ಇಂಜಿನ್ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಎಟುಕುತ್ತಿತ್ತು. ಸಣ್ಣ ಕೆಲಸಗಾರರು, ನೇಕಾರರು, ಬಡಗಿಗಳು ಅವುಗಳ ಮುಂದೆ ಸೋತು ಮುಚ್ಚಿಕೊಂಡು ಹೋಗುತ್ತಿದ್ದರು. ಅಂಥವರ ಕೈಗೂ ಸಿಗುವ ಇಂಜಿನ್ ಬೇಕು ಅನ್ನೋದು ರೂಡಾಲ್ಫ್ ಅವರ ಆಸೆ. ಓದಿದಾಗ ತಾತನ ಗಿರಣಿ ಕಣ್ಣ ಮುಂದೆ ಬಂತು. ಊರಿನಲ್ಲಿ ಅಂಥ ಗಿರಣಿ ಇಟ್ಟುಕೊಂಡು ನಾಲ್ಕು ಮಕ್ಕಳನ್ನು ಓದಿಸಿದವರು ಅವರು. ತಿಳಿದವರು ಇನ್ನೂ ಬರೆಯಿರಿ, ದಯವಿಟ್ಟು.

ಪದಪ್ರೀತಿ

ಒಳ್ಳೆಯ ವಿಷಯ ಎತ್ತಿದಿರಿ ಸರ್. ನಾನು ಕನ್ನಡ ಮೇಷ್ಟ್ರು. ನಾವು ಬಳಸುವ ಮೂರು ಎಣ್ಣೆಗಳ ಹೆಸರನ್ನು ಪಕ್ಕಪಕ್ಕ ಇಟ್ಟು ನೋಡಿ. ಪೆಟ್ರೋಲ್ ಅನ್ನೋದು ಪೆಟ್ರೋಲಿಯಂನಿಂದ ಬಂದದ್ದು. ಪೆಟ್ರ ಅಂದರೆ ಕಲ್ಲು, ಓಲಿಯಂ ಅಂದರೆ ಎಣ್ಣೆ. ಕಲ್ಲೆಣ್ಣೆ. ಎಲ್ಲಿ ಅಡಗಿದೆ ಅಂತ ಹೇಳುವ ಹೆಸರು. ಸೀಮೆಎಣ್ಣೆ ಅನ್ನೋದು ಎಲ್ಲಿಂದ ಬಂತು ಅಂತ ಹೇಳುವ ಹೆಸರು. ಹೊರಗಿನ ಸೀಮೆಯಿಂದ ಹಡಗಿನಲ್ಲಿ ಬಂದ ಎಣ್ಣೆ. ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು ಇದ್ದ ಹಾಗೆ. ಮೂರರಲ್ಲಿ ಡೀಸೆಲ್ ಒಂದೇ ಮನುಷ್ಯನ ಹೆಸರು.

ಅದು ಎಣ್ಣೆಯ ಹೆಸರೂ ಅಲ್ಲ, ಇಂಜಿನ್ನಿನ ಹೆಸರು. ಇಂಜಿನ್ನಿನಿಂದ ಎಣ್ಣೆಗೆ ಇಳಿದು ಬಂದಿದೆ. ಈಗ "ಡೀಸೆಲ್ ಖಾಲಿ", "ಡೀಸೆಲ್ ದುಡ್ಡು", "ಡೀಸೆಲ್ ಗಾಡಿ", "ಡೀಸೆಲ್ ಶೆಡ್", "ಬಯೋಡೀಸೆಲ್" ಅಂತ ಎಷ್ಟು ಮಾತುಗಳಿವೆ ನೋಡಿ. ಆದರೆ ನಿಮ್ಮ ತಾತ "ಆಯಿಲ್ ಇಂಜಿನ್" ಅಂದರು. ಯಂತ್ರಕ್ಕೆ ಎಣ್ಣೆಯ ಹೆಸರು, ಎಣ್ಣೆಗೆ ಯಂತ್ರ ಮಾಡಿದವನ ಹೆಸರು! ನಮ್ಮ ಹಳ್ಳಿಗಳಲ್ಲಿ ಎರಡೂ ಅದಲು ಬದಲಾಗಿವೆ.

ಹೆಸರಿಡುವಾಗಲೂ ಒಂದು ಕಥೆ ಇದೆ. ಡೆಲ್ಟಾ, ಎಕ್ಸೆಲ್ಸಿಯರ್ ಅಂತೆಲ್ಲ ರೂಡಾಲ್ಫ್ ಯೋಚಿಸುತ್ತಿದ್ದರಂತೆ. ಹೆಂಡತಿ ಮಾರ್ಟಾ, ನಿಮ್ಮ ಹೆಸರನ್ನೇ ಇಟ್ಟುಬಿಡಿ ಅಂದರಂತೆ.

ಎರಡನೇಪಿಯು

ಸರ್, ಒಂದು ಡೌಟ್. ನಮ್ಮ ಫಿಸಿಕ್ಸ್ ಪುಸ್ತಕದಲ್ಲಿ ಓಟೋ ಸೈಕಲ್ ಅಂತ ಇದೆ. ಹಾಗಾದರೆ ನಾವು ಹತ್ತುವ ಆಟೋ ಕೂಡ ಆ ಓಟೋ ಅವರ ಹೆಸರಿನಿಂದಲೇ ಬಂದದ್ದಾ?

ಪದಪ್ರೀತಿ

ಇಲ್ಲಪ್ಪಾ. ನಿಕೊಲಾಸ್ ಓಟೋ 1876ರಲ್ಲಿ ನಾಲ್ಕು ಸ್ಟ್ರೋಕ್ ಇಂಜಿನ್ ಮಾಡಿದವರು, ಅದು ನಿಜ. ಪೆಟ್ರೋಲ್ ಗಾಡಿಗಳೆಲ್ಲ ಅದೇ ದಾರಿಯಲ್ಲಿ ಬಂದಿವೆ. ಆದರೆ ಆಟೋ ಅನ್ನೋದು ಗ್ರೀಕ್ ಮಾತು, "ತಾನೇ" ಅಂತ ಅರ್ಥ. ತಾನೇ ಓಡುವ ಗಾಡಿ. ಉಚ್ಚಾರ ಹತ್ತಿರ ಇದೆ ಅಷ್ಟೇ. ಕೇಳಿದ್ದು ಒಳ್ಳೆಯದಾಯಿತು.

ಗ್ಯಾರೇಜ್‌ಹುಬ್ಬಳ್ಳಿ

ನಮಸ್ಕಾರ ರೀ ಎಲ್ಲರಿಗೂ. ಮೂವತ್ತೆರಡು ವರ್ಷದಿಂದ ಪಂಪು, ನಾಝಲ್ ಕೆಲಸ ಮಾಡುತ್ತಿದ್ದೇನೆ. ಹೆಸರಿನ ಮಾತು ಬಂತು, ಆ ಮನುಷ್ಯ ಮಾಡಿದ್ದೇನು ಅಂತಲೂ ಹೇಳಬೇಕು ಅಲ್ವಾ?

ಸೈಕಲ್ ಪಂಪ್ ತಗೊಂಡು, ಮುಂದಿನ ತೂತಿಗೆ ಬೆರಳು ಒತ್ತಿ ಹಿಡಿದು ಜೋರಾಗಿ ಹೊಡೆಯಿರಿ. ಪಂಪಿನ ತುದಿ ಬಿಸಿಯಾಗುತ್ತದೆ. ಗಾಳಿಯನ್ನು ಒತ್ತಿದರೆ ಕಾಯುತ್ತದೆ. ಡೀಸೆಲ್ ಇಂಜಿನ್ನಿನ ಗುಟ್ಟು ಇಷ್ಟೇ. ಸಿಲಿಂಡರ್ ಒಳಗೆ ಮೊದಲು ಬರೀ ಗಾಳಿ ಬರುತ್ತದೆ. ಪಿಸ್ಟನ್ ಅದನ್ನು ಹದಿನೈದು ಇಪ್ಪತ್ತು ಪಟ್ಟು ಒತ್ತುತ್ತದೆ. ಗಾಳಿ 500 ಡಿಗ್ರಿ ದಾಟಿ ಕಾಯುತ್ತದೆ. ಆಗ ನಾಝಲ್ ಎಣ್ಣೆಯನ್ನು ಮಂಜಿನ ಹಾಗೆ ಚಿಮ್ಮಿಸುತ್ತದೆ. ತಾನೇ ಹೊತ್ತಿಕೊಳ್ಳುತ್ತದೆ. ಸ್ಪಾರ್ಕ್ ಪ್ಲಗ್ ಬೇಡ, ಕಿಡಿ ಬೇಡ. ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿ, ಎಣ್ಣೆ ಮೊದಲೇ ಕಲೆತು ಬರುತ್ತವೆ. ಅಲ್ಲಿ ಇಷ್ಟು ಒತ್ತಿದರೆ ಹೊತ್ತಬಾರದ ಹೊತ್ತಿಗೆ ಹೊತ್ತಿಕೊಂಡು ಇಂಜಿನ್ ಬಡಿಯುತ್ತದೆ.

ಗಿರಣಿಯವರಿಗೆ ಇದು ನೆನಪಿರುತ್ತದೆ. ಹ್ಯಾಂಡಲ್ ಹೊಡೆಯುವ ಇಂಜಿನ್ನಿಗೆ ಮೇಲೆ ಒಂದು ಸಣ್ಣ ಲಿವರ್ ಇರುತ್ತದೆ. ಅದನ್ನು ಎತ್ತಿ ಹಿಡಿದರೆ ವಾಲ್ವ್ ತೆರೆದಿರುತ್ತದೆ, ಗಾಳಿ ಒತ್ತುವುದಿಲ್ಲ, ಹ್ಯಾಂಡಲ್ ಹಗುರಾಗಿ ತಿರುಗುತ್ತದೆ. ಫ್ಲೈವೀಲ್ ವೇಗ ಹಿಡಿದ ಮೇಲೆ ಲಿವರ್ ಬಿಟ್ಟರೆ, ಗಕ್ಕನೆ ಗಾಳಿ ಒತ್ತಿ ಇಂಜಿನ್ ಹಿಡಿಯುತ್ತದೆ. ಆ ಲಿವರ್ ಬಿಡುವ ಕ್ಷಣದಲ್ಲಿ ಕೈಗೆ ಸಿಗುವ ಒತ್ತಡ ಇದೆಯಲ್ಲ, ರೂಡಾಲ್ಫ್ ಅವರು ಕಂಡುಹಿಡಿದದ್ದು ಅದನ್ನೇ.

ಡೀಸೆಲ್ ಪೂರ್ತಿ ಖಾಲಿಯಾಗಿ ನಿಂತರೆ ಪೈಪಿನಲ್ಲಿ ಗಾಳಿ ಸೇರುತ್ತದೆ. ಎಣ್ಣೆ ಹಾಕಿದರೂ ಏರ್ ತೆಗೆಯುವವರೆಗೆ ಸ್ಟಾರ್ಟ್ ಆಗುವುದಿಲ್ಲ. ಸಿಲಿಂಡರಿನಲ್ಲಿ ಗಾಳಿಯೇ ಜೀವ, ಪೈಪಿನಲ್ಲಿ ಗಾಳಿಯೇ ಶತ್ರು. ಹೊಸ ಹುಡುಗರಿಗೆ ಮೊದಲು ನಾನು ಹೇಳಿಕೊಡುವ ಪಾಠ ಇದು.

ಹಿಟ್ಟಿನಗಿರಣಿ

ಅಣ್ಣಾ, ಆ ಲಿವರ್ ಓದಿ ಮೈ ಜುಂ ಅಂತು. ಅದನ್ನು ಬಿಡುವ ಕೆಲಸ ನನ್ನದು, ಹ್ಯಾಂಡಲ್ ಹೊಡೆಯೋದು ತಾತನದು. "ಬಿಡೋ" ಅನ್ನುತ್ತಿದ್ದರು.

ಹೊಂಗೆನೆರಳು

ತುಮಕೂರು ಕಡೆಯವಳು ನಾನು, ಕೃಷಿ ಓದಿದ್ದೇನೆ. ಡೀಸೆಲ್ ಅವರು 1893ರ ಆಗಸ್ಟ್ 10ರಂದು ಕಡಲೆಕಾಯಿ ಎಣ್ಣೆಯಲ್ಲಿ ಇಂಜಿನ್ ಓಡಿಸಿದರು ಅಂತ ಕೇಳಿದ್ದೇನೆ. ಅದಕ್ಕೇ ಆ ದಿನವನ್ನು ವಿಶ್ವ ಜೈವಿಕ ಇಂಧನ ದಿನ ಅಂತ ಆಚರಿಸುತ್ತಾರೆ. ನಮ್ಮ ಕಾಲೇಜಿನಲ್ಲೂ ಪ್ರತಿ ವರ್ಷ ಇದನ್ನೇ ಹೇಳುತ್ತಿದ್ದರು.

ಮ್ಯೂನಿಕ್‌ಕನ್ನಡಿಗ

ಮೇಡಂ, ದಿನ ಸರಿ, ಎಣ್ಣೆ ಬೇರೆ. ನಾನು ಹದಿನಾಲ್ಕು ವರ್ಷದಿಂದ ಮ್ಯೂನಿಕ್‌ನಲ್ಲಿದ್ದೇನೆ, ಇಂಜಿನ್ ಕೆಲಸವೇ. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ರೂಡಾಲ್ಫ್ ಪೇಟೆಂಟ್‌ಗೆ ಅರ್ಜಿ ಹಾಕಿದ್ದು 1892ರಲ್ಲಿ, ಸಿಕ್ಕಿದ್ದು 1893ರ ಫೆಬ್ರವರಿಯಲ್ಲಿ. ಆಗ ಅವರ ಕೈಯಲ್ಲಿ ಇದ್ದದ್ದು ಕಾಗದ, ಲೆಕ್ಕ ಅಷ್ಟೇ. ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯ ಹೈನ್‌ರಿಕ್ ಬುಟ್ಸ್ ಅವರನ್ನು ನಂಬಿ ಜಾಗ ಕೊಟ್ಟರು. ಕ್ರುಪ್ ಕಂಪನಿ ದುಡ್ಡು ಹಾಕಿತು. ಆಗಸ್ಟ್ 10ರಂದು ಮೊದಲ ಸಲ ಎಣ್ಣೆ ಚಿಮ್ಮಿಸಿ ನೋಡಿದರು. ಹಾಕಿದ್ದು ಪೆಟ್ರೋಲ್. ಒಳಗೆ ಹೊತ್ತಿಕೊಂಡಿತು, ಒತ್ತಡ ಅಳೆಯುವ ಸಾಧನ ಸಿಡಿದು ಚೂರಾಯಿತು. ಇಂಜಿನ್ ತಾನಾಗಿ ಓಡಲಿಲ್ಲ. ಆದರೆ ಕಿಡಿ ಇಲ್ಲದೆ ಹೊತ್ತುತ್ತದೆ ಅಂತ ಅವತ್ತು ಖಾತ್ರಿಯಾಯಿತು.

ತಾನಾಗಿ ಓಡಿದ್ದು 1894ರ ಫೆಬ್ರವರಿ 17ರಂದು, ಒಂದೇ ಒಂದು ನಿಮಿಷ, 88 ಸುತ್ತು. ಸರಿಯಾಗಿ ಮೂರು ವರ್ಷ ಆದ ಮೇಲೆ, 1897ರ ಫೆಬ್ರವರಿ 17ರಂದು, ಪ್ರೊಫೆಸರ್ ಮೋರಿಟ್ಸ್ ಶ್ರೋಟರ್ ಬಂದು ಪರೀಕ್ಷೆ ಮಾಡಿದರು. ಎಣ್ಣೆಯಲ್ಲಿರುವ ಶಕ್ತಿಯಲ್ಲಿ 26.2 ಶೇಕಡಾ ಕೆಲಸವಾಗಿ ಬರುತ್ತಿತ್ತು. ಆಗಿನ ಮಾಮೂಲಿ ಉಗಿ ಇಂಜಿನ್ ಹತ್ತು ಶೇಕಡಾ ಮುಟ್ಟಲೂ ಒದ್ದಾಡುತ್ತಿತ್ತು. ಅವತ್ತು ಹಾಕಿದ್ದ ಎಣ್ಣೆ ಯಾವುದು ಗೊತ್ತಾ? ದೀಪಕ್ಕೆ ಹಾಕುವ ಸೀಮೆಎಣ್ಣೆ! ಡೀಸೆಲ್ ಇಂಜಿನ್ ಗೆದ್ದದ್ದು ಸೀಮೆಎಣ್ಣೆಯಲ್ಲಿ.

ಕಡಲೆಕಾಯಿ ಎಣ್ಣೆಯ ಕಥೆ 1900ರದ್ದು, ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ. ಓಟೋ ಕಂಪನಿ ಒಂದು ಸಣ್ಣ ಡೀಸೆಲ್ ಇಂಜಿನ್ನನ್ನು ಫ್ರೆಂಚ್ ಸರ್ಕಾರದ ಕೋರಿಕೆಯಂತೆ ಆ ಎಣ್ಣೆಯಲ್ಲಿ ಓಡಿಸಿತು. ಆಫ್ರಿಕಾದ ವಸಾಹತುಗಳಲ್ಲಿ ಕಡಲೆಕಾಯಿ ಬೇಕಾದಷ್ಟು ಬೆಳೆಯುತ್ತಿತ್ತು. ಅಲ್ಲೇ ಬೆಳೆದ ಎಣ್ಣೆಯಿಂದ ಅಲ್ಲೇ ಇಂಜಿನ್ ಓಡಬಹುದೇ ಅಂತ ಸರ್ಕಾರ ನೋಡುತ್ತಿತ್ತು. ಎಷ್ಟು ಸಲೀಸಾಗಿ ಓಡಿತೆಂದರೆ ನೋಡುವವರಲ್ಲಿ ಹೆಚ್ಚಿನವರಿಗೆ ಎಣ್ಣೆ ಬೇರೆ ಅಂತ ತಿಳಿಯಲೇ ಇಲ್ಲ. ರೂಡಾಲ್ಫ್ ಮುಂದೆ ತಾವೇ ಇದನ್ನು ಪರೀಕ್ಷಿಸಿದರು. ಈಗ ಸಣ್ಣದಾಗಿ ಕಾಣುವ ಗಿಡದೆಣ್ಣೆ ಮುಂದೊಂದು ದಿನ ಕಲ್ಲೆಣ್ಣೆಯಷ್ಟೇ ಮುಖ್ಯ ಆಗಬಹುದು ಅಂತ 1912ರಲ್ಲಿ ಹೇಳಿದರು.

ಹೊಂಗೆನೆರಳು

ತಿದ್ದಿದ್ದಕ್ಕೆ ಥ್ಯಾಂಕ್ಸ್ ಸರ್. ಇಷ್ಟು ವರ್ಷ ತಪ್ಪು ದಿನಕ್ಕೆ ಕಡಲೆಕಾಯಿ ಅಂಟಿಸಿದ್ದೆವು. ಮುಂದಿನ ಸಲ ಮಕ್ಕಳಿಗೆ ಸರಿಯಾಗಿ ಹೇಳುತ್ತೇನೆ.

ನಮ್ಮ ಕಡೆಯ ಒಂದು ಮಾತು ಸೇರಿಸಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರ ತಂಡ ಕಗ್ಗನಹಳ್ಳಿ ಎಂಬ ಊರಿನಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರ್ ಓಡಿಸಿ ಬೋರ್‌ವೆಲ್ ನೀರು ಎತ್ತಿಸಿತ್ತು. ಹೊಂಗೆ ನಮಗೆ ಹೊಸದಲ್ಲ. ನಮ್ಮಜ್ಜಿ ದೀಪಕ್ಕೆ ಹಚ್ಚುತ್ತಿದ್ದದ್ದು ಅದನ್ನೇ, ಗಾಯಕ್ಕೆ ಸವರುತ್ತಿದ್ದದ್ದೂ ಅದನ್ನೇ. ಹಿಂಡಿ ತೋಟಕ್ಕೆ. ಬದುವಿನ ಮೇಲೆ ಬಿದ್ದ ಬೀಜದಿಂದ ಇಂಜಿನ್ ಓಡುತ್ತದೆ ಅಂದಾಗ ಊರವರಿಗೆ ಎಷ್ಟು ಖುಷಿ ಆಗಿರಬೇಕು! ಹಾಸನದ ಹತ್ತಿರ ಮಡೆನೂರಿನಲ್ಲೂ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಇದೆ.

ಗ್ಯಾರೇಜ್‌ಹುಬ್ಬಳ್ಳಿ

ಅಕ್ಕಾರ, ಹೊಂಗೆ ಎಣ್ಣೆ ಓಡುತ್ತದೆ, ಒಪ್ಪುತ್ತೇನೆ. ಆದರೆ ಹಸಿ ಎಣ್ಣೆ ದಪ್ಪ. ನಾಝಲ್‌ನಿಂದ ಮಂಜಾಗಿ ಬರುವ ಬದಲು ಹನಿಯಾಗಿ ಬೀಳುತ್ತದೆ. ಪೂರ್ತಿ ಉರಿಯದೆ ಕರಿ ಕಟ್ಟುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಒಂದೇ ವೇಗದಲ್ಲಿ ಓಡುವ ಹಳೆಯ ದಪ್ಪ ಇಂಜಿನ್ ತಡೆದುಕೊಳ್ಳಬಹುದು. ಬಹಳ ಒತ್ತಡದಲ್ಲಿ ಎಣ್ಣೆ ಚಿಮ್ಮಿಸುವ ಈಗಿನ ಕಾಮನ್ ರೈಲ್ ಗಾಡಿಗೆ ಹಾಕಿದರೆ ಪಂಪ್ ಹೋಗುತ್ತದೆ, ರಿಪೇರಿ ಖರ್ಚು ಜೀವ ಹಿಂಡುತ್ತದೆ. ಇದನ್ನು ಓದಿ ಯಾರೂ ಸುಮ್ನೆ ಕಾರಿಗೆ ಹುಯ್ಯಬೇಡಿ.

ಹೊಂಗೆನೆರಳು

ನಿಜ ಅಣ್ಣಾ. ಅದಕ್ಕೇ ಮೆಥನಾಲ್, ಕಾಸ್ಟಿಕ್ ಹಾಕಿ ಎಣ್ಣೆಯನ್ನು ತೆಳು ಮಾಡುತ್ತಾರೆ. ಗ್ಲಿಸರಿನ್ ಕೆಳಗೆ ಕೂರುತ್ತದೆ, ಮೇಲೆ ಉಳಿದದ್ದೇ ಬಯೋಡೀಸೆಲ್. ಬೀಜ ಆರಿಸುವ ಕೂಲಿಯೇ ಈಗ ದೊಡ್ಡ ತೊಡಕು. ಮರ ಇದೆ, ಬಗ್ಗಿ ಆರಿಸುವ ಕೈ ಇಲ್ಲ.

ಎರಡನೇಪಿಯು

ಈ ನಾಝಲ್, ಪಂಪ್ ಎಲ್ಲ ಮೊದಲಿಂದಲೂ ಹೀಗೇ ಇತ್ತಾ ಸರ್? ನಮ್ಮ ಮನೆ ಮೈಕೋ ಲೇಔಟ್‌ನಲ್ಲಿ. ಮೈಕೋ ಅಂದರೆ ಡೀಸೆಲ್ ಪಂಪ್ ಮಾಡುವ ಕಂಪನಿ ಅಂತ ಅಪ್ಪ ಹೇಳುತ್ತಿದ್ದರು.

ಗ್ಯಾರೇಜ್‌ಹುಬ್ಬಳ್ಳಿ

ಭೇಷ್ ತಮ್ಮಾ! ಆ ಬಡಾವಣೆಯ ಹೆಸರಲ್ಲೂ ಡೀಸೆಲ್ ಅವರ ನೆರಳಿದೆ. ರೂಡಾಲ್ಫ್ ಅವರ ಕಾಲದಲ್ಲಿ ಎಣ್ಣೆ ಚಿಮ್ಮಿಸಲು ಬೇರೆ ಕಂಪ್ರೆಸರ್ ಬೇಕಿತ್ತು, ಗಾಳಿಯ ಜೋರಿನಿಂದಲೇ ಎಣ್ಣೆ ಒಳಗೆ ಹೋಗುತ್ತಿತ್ತು. ಅದರ ಭಾರ, ಗಾತ್ರ ನೋಡಿದರೆ ಲಾರಿಗೆ ಕೂರಿಸುವ ಮಾತೇ ಇಲ್ಲ. 1927ರಿಂದ ಬಾಷ್ ಕಂಪನಿ ಕೈಯಲ್ಲಿ ಹಿಡಿಯುವಷ್ಟು ಸಣ್ಣ ಇಂಜೆಕ್ಷನ್ ಪಂಪನ್ನು ಕಾರ್ಖಾನೆಯಲ್ಲಿ ಸಾಲುಸಾಲಾಗಿ ಮಾಡತೊಡಗಿತು. ಡೀಸೆಲ್ ಲಾರಿ, ಟ್ರ್ಯಾಕ್ಟರ್ ಎಲ್ಲ ಹರಡಿದ್ದು ಅದರ ಬಲದಿಂದ. ಮೈಕೋ ಅಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ. 1951ರಲ್ಲಿ ಶುರುವಾದ ಬಾಷ್‌ನ ಕಂಪನಿ, ಕಾರ್ಖಾನೆ ಆಡುಗೋಡಿಯಲ್ಲಿ. 2008ರಲ್ಲಿ ಹೆಸರು ಬಾಷ್ ಅಂತ ಬದಲಾಯಿತು. ಆದರೂ ನಮ್ಮ ಗ್ಯಾರೇಜಿಗೆ ಬರುವ ಹಳೆಯ ಡ್ರೈವರುಗಳು ಇವತ್ತಿಗೂ "ಮೈಕೋ ಪಂಪ್" ಅಂತಲೇ ಕೇಳುತ್ತಾರೆ.

ಪದಪ್ರೀತಿ

ನಮ್ಮ ರೈತರ ಬಾಯಲ್ಲಿ ದಿನಾ ಬರುವ ಇನ್ನೊಂದು ಮಾತು ಎಚ್‌ಪಿ, ಅಂದರೆ ಹಾರ್ಸ್ ಪವರ್. "ಬಾವಿಗೆ ಐದು ಎಚ್‌ಪಿ ಇಳಿಸಿದ್ದೇನೆ" ಅನ್ನುತ್ತಾರೆ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ ಇಲ್ಲ ಅಂತ ಎಲ್ಲರಿಗೂ ಗೊತ್ತು. ಅದು ಜೇಮ್ಸ್ ವ್ಯಾಟ್ ಬಳಕೆಗೆ ತಂದ ಅಳತೆ. ಉಗಿ ಇಂಜಿನ್ ಅವರದ್ದಲ್ಲ, ಅದು ಮೊದಲೇ ಇತ್ತು. ಅದು ಕಲ್ಲಿದ್ದಲು ಪೋಲು ಮಾಡುವುದನ್ನು ಅವರು ತಡೆದರು. ಕೊಳ್ಳುವವರಿಗೆ ಇದು ಎಷ್ಟು ಕುದುರೆಯ ಕೆಲಸ ಮಾಡುತ್ತದೆ ಅಂತ ಹೇಳಬೇಕಲ್ಲ, ಅದಕ್ಕೇ ಕುದುರೆ ಲೆಕ್ಕ. ಅವರ ಸ್ವಂತ ಹೆಸರು ಆಮೇಲೆ ಬಲ್ಬಿನ ಮೇಲೆ ಬಂತು. ಒಂದು ಎಚ್‌ಪಿಗೆ ಸುಮಾರು 746 ವ್ಯಾಟ್. ನಮ್ಮ ಹಿರಿಯರು ಮಾತ್ರ "ಅರವತ್ತು ಕ್ಯಾಂಡಲ್ ಬಲ್ಬು" ಅನ್ನುತ್ತಿದ್ದರು, ವ್ಯಾಟ್ ಅವರಿಗೆ ಬೇಕಾಗಲಿಲ್ಲ.

ನನಗೆ ಇಬ್ಬರ ಹೆಸರೂ ಒಂದೇ ಅನ್ನಿಸುವುದಿಲ್ಲ. ವ್ಯಾಟ್ ಅಂತ ಇಟ್ಟದ್ದು ವಿಜ್ಞಾನಿಗಳು, ಗೌರವಕ್ಕೆ. ಡೀಸೆಲ್ ಅನ್ನೋದನ್ನು ಎಣ್ಣೆಗೆ ಹಚ್ಚಿದ್ದು ಜನ, ಬಳಸಿ ಬಳಸಿ. ನನಗೆ ಎರಡನೆಯದೇ ದೊಡ್ಡದು.

ಹಿಟ್ಟಿನಗಿರಣಿ

ರೂಡಾಲ್ಫ್ ಅವರ ಕೊನೆ ಓದಿ ನಿನ್ನೆ ನಿದ್ದೆ ಬರಲಿಲ್ಲ. 1913ರ ಸೆಪ್ಟೆಂಬರ್ 29ರ ಸಂಜೆ ಆಂಟ್‌ವರ್ಪ್‌ನಲ್ಲಿ ಡ್ರೆಸ್ಡೆನ್ ಎಂಬ ಹಡಗು ಹತ್ತಿದರು, ಇಂಗ್ಲೆಂಡಿಗೆ ಹೋಗಲು. ಜೊತೆಯವರ ಸಂಗಡ ಊಟ ಮಾಡಿದರು. ರಾತ್ರಿ ಹತ್ತಕ್ಕೆ ಕೋಣೆಗೆ ಹೋಗುವಾಗ, ಬೆಳಗ್ಗೆ ಆರೂಕಾಲಿಗೆ ಎಬ್ಬಿಸಿ ಅಂತ ಹೇಳಿದರು. ಬೆಳಗ್ಗೆ ನೋಡಿದರೆ ಹಾಸಿಗೆ ಮಡಿಕೆ ಮುರಿದಿಲ್ಲ. ಹಡಗಿನ ಮೇಲೆ ಟೋಪಿ, ಕೋಟು ಮಡಿಸಿ ಇಟ್ಟದ್ದು ಸಿಕ್ಕಿತು. ಹತ್ತು ದಿನ ಆದ ಮೇಲೆ ಡಚ್ ದೋಣಿಯವರಿಗೆ ಸಮುದ್ರದಲ್ಲಿ ಒಂದು ದೇಹ ಸಿಕ್ಕಿತು. ಮೇಲಿದ್ದ ಸಣ್ಣಪುಟ್ಟ ಸಾಮಾನು ತೆಗೆದುಕೊಂಡು ದೇಹವನ್ನು ಮತ್ತೆ ನೀರಿಗೆ ಬಿಟ್ಟರು. ಚಾಕು, ಕನ್ನಡಕದ ಪೆಟ್ಟಿಗೆ ನೋಡಿ ಮಗ ಗುರುತು ಹಿಡಿದ. ವಯಸ್ಸು ಬರೀ 55.

ಒಂದು ಕಾಲಕ್ಕೆ ಲಕ್ಷಾಂತರ ಜರ್ಮನ್ ಮಾರ್ಕ್ ದುಡ್ಡು ಕಂಡವರು, ಕೊನೆಗೆ ತಲೆತನಕ ಸಾಲ. ಕೊಂದರು, ತಾವೇ ಹಾರಿದರು ಅಂತ ಏನೇನೋ ಬರೆಯುತ್ತಾರೆ. ನನಗೆ ಆ ತರ್ಕ ಬೇಡ ಅನ್ನಿಸಿತು. ಸಣ್ಣವರ ಕೈಗೆ ಇಂಜಿನ್ ಬರಲಿ ಅಂದವರು ಅದನ್ನು ನೋಡಲಿಲ್ಲ, ಅದೇ ನನಗೆ ಸಂಕಟ. ಅವರು ಇರುವಾಗ ಅದು ಹೋದದ್ದು ಕಾರ್ಖಾನೆಗೆ, ಹಡಗಿಗೆ.

ಮ್ಯೂನಿಕ್‌ಕನ್ನಡಿಗ

ನಿಮ್ಮ ಸಂಕಟಕ್ಕೆ ಹತ್ತಿರದ ಒಂದು ಸಂಗತಿ ಹೇಳುತ್ತೇನೆ.

1897ರ ಆ ಇಂಜಿನ್ ಇಲ್ಲೇ ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂನಲ್ಲಿದೆ. ಒಂದೇ ಸಿಲಿಂಡರ್. ಆದರೆ ಮೂರು ಮೀಟರ್ ಎತ್ತರ, ನಾಲ್ಕೂವರೆ ಟನ್ ಭಾರ. ಕೊಡುತ್ತಿದ್ದದ್ದು ಸುಮಾರು ಇಪ್ಪತ್ತು ಎಚ್‌ಪಿ. ಬಡಗಿಯ ಮನೆಯೊಳಗೆ ಇದು ಹೋಗುವುದಿಲ್ಲ. ಅದು ರೂಡಾಲ್ಫ್ ಅವರಿಗೂ ಕಂಡಿತ್ತು.

ಅದನ್ನು ಸಣ್ಣದು ಮಾಡಿದವರಲ್ಲಿ ಒಬ್ಬರು ಜಪಾನಿನವರು, ಮಾಗೋಕಿಚಿ ಯಮಾವೊಕಾ. ಬಡ ರೈತರ ಮಗ. 1912ರಲ್ಲಿ ಒಸಾಕಾದಲ್ಲಿ ಕಂಪನಿ ತೆರೆದರು. ಮುಂದೆ ಅದಕ್ಕೆ ಯಾನ್ಮಾರ್ ಅಂತ ಹೆಸರು ಬಂತು. ಪದಪ್ರೀತಿ ಸರ್‌ಗೆ ಇದು ಇಷ್ಟವಾಗಬಹುದು. ಜಪಾನಿ ಭಾಷೆಯಲ್ಲಿ ಯಾನ್ಮಾ ಅಂದರೆ ದೊಡ್ಡ ಏರೋಪ್ಲೇನ್ ಚಿಟ್ಟೆ, ಅದು ಹಾರಿದರೆ ಒಳ್ಳೆಯ ಬೆಳೆ ಅಂತ ನಂಬಿಕೆ. ಜೊತೆಗೆ ತಮ್ಮ ಮನೆತನದ ಹೆಸರಿನ ಧ್ವನಿಯೂ ಸೇರಿತು. ಯಮಾವೊಕಾ 1932ರಲ್ಲಿ ಜರ್ಮನಿಯ ಲೈಪ್ಜಿಗ್ ಮೇಳಕ್ಕೆ ಬಂದು ಡೀಸೆಲ್ ಇಂಜಿನ್ ನೋಡಿದರು. ರೈತರಿಗೆ ಇದರಿಂದ ಕೆಲಸ ಹಗುರಾಗುತ್ತದೆ, ಆದರೆ ಸಣ್ಣದು ಬೇಕು ಅಂತ ಹಠ ಹಿಡಿದರು. 1933ರಲ್ಲಿ ಸಣ್ಣ ಡೀಸೆಲ್ ಇಂಜಿನ್ ಮಾಡಿ ನಿಲ್ಲಿಸಿದರು. ಅದೂ ಐದು ಎಚ್‌ಪಿ ಅಳತೆಯದ್ದೇ.

ಯುದ್ಧ ಮುಗಿದ ಮೇಲೆ ಅವರು ಆಗ್ಸ್‌ಬರ್ಗ್‌ಗೆ ಬಂದರು. ಡೀಸೆಲ್ ಅವರ ನೆನಪಿಗೆ ಅಲ್ಲಿ ಕಲ್ಲು ಕೂಡ ಇರಲಿಲ್ಲ. ಆಗ ಜಪಾನಿನಿಂದ ಕಲ್ಲುಗಳನ್ನು ತರಿಸಿ, 1957ರಲ್ಲಿ ಊರಿನ ಪಾರ್ಕಿನಲ್ಲಿ ಒಂದು ಸ್ಮಾರಕ ತೋಟ ಮಾಡಿಸಿ ಕೊಟ್ಟರು. ನಾನು ಹೋದ ಬೇಸಗೆಯಲ್ಲಿ ಹೋಗಿದ್ದೆ. ದೊಡ್ಡ ದೊಡ್ಡ ಕಲ್ಲು, ಸುತ್ತ ಮರ, ಒಂದು ಬೆಂಚು. ಮಕ್ಕಳು ಕಲ್ಲಿನ ಮೇಲೆ ಹತ್ತಿ ಆಡುತ್ತಿದ್ದರು. ಅರ್ಧ ಗಂಟೆ ಕೂತು ಬಂದೆ.

ಪದಪ್ರೀತಿ

ಏರೋಪ್ಲೇನ್ ಚಿಟ್ಟೆ! ನಾಳೆ ಕ್ಲಾಸಿನಲ್ಲಿ ಪಾಠ ಇದೇ.

ಗ್ಯಾರೇಜ್‌ಹುಬ್ಬಳ್ಳಿ

ಕಣ್ಣು ತುಂಬಿತು ರೀ. ಇಷ್ಟು ವರ್ಷ ನಾಝಲ್ ಬಿಚ್ಚಿ ಜೋಡಿಸಿದ್ದೇನೆ, ಆ ಮನುಷ್ಯನ ಮುಖ ಒಂದು ಸಲವೂ ನೋಡಿರಲಿಲ್ಲ. ಮಗನಿಗೆ ಹೇಳಿ ಫೋಟೋ ತೆಗೆಸಿದ್ದೇನೆ. ಫ್ರೇಮ್ ಹಾಕಿಸಿ ಗ್ಯಾರೇಜಿನಲ್ಲಿ ಆಯುಧಪೂಜೆಗೆ ಇಡುತ್ತೇನೆ. ಗಿರಣಿ ಸಾಹೇಬರೇ, ನಿಮ್ಮ ತಾತನ ಇಂಜಿನ್ ಈಗ ಇದೆಯಾ?

ಹಿಟ್ಟಿನಗಿರಣಿ

ಇದೆ ಅಣ್ಣಾ. ಗಿರಣಿ ಮುಚ್ಚಿ ಹದಿನೆಂಟು ವರ್ಷ ಆಯಿತು. ಇವತ್ತು ಮಗಳನ್ನು ಕರೆದುಕೊಂಡು ಊರಿಗೆ ಬಂದಿದ್ದೇನೆ. ಶೆಡ್ಡಿನಲ್ಲಿ ಗೋಣಿಚೀಲ ಮುಚ್ಚಿ ಇಟ್ಟಿದ್ದರು. ತೆಗೆದು ಸೀಮೆಎಣ್ಣೆಯಲ್ಲಿ ಪ್ಲೇಟ್ ಒರೆಸಿದೆವು. ಎಂಟು ಎಚ್‌ಪಿ, 850 ಆರ್‌ಪಿಎಂ ಅಂತ ಇದೆ. ಫ್ಲೈವೀಲ್ ತುಕ್ಕು ಹಿಡಿದಿದೆ, ಆದರೆ ಸ್ವಲ್ಪ ಅಲುಗಾಡುತ್ತದೆ. ಲಿವರ್ ಸಲೀಸಾಗಿ ಏಳುತ್ತದೆ. ಏನೇನು ಬಿಚ್ಚಿ ನೋಡಬೇಕು, ಎಲ್ಲಿಂದ ಶುರು ಮಾಡಬೇಕು ಹೇಳಿ.

ಗ್ಯಾರೇಜ್‌ಹುಬ್ಬಳ್ಳಿ

ಮೊದಲು ನಾಝಲ್ ಬಿಚ್ಚಿ, ಆ ತೂತಿನಲ್ಲಿ ಸ್ವಲ್ಪ ಡೀಸೆಲ್ ಬಿಟ್ಟು ಎರಡು ದಿನ ನೆನೆಯಲು ಬಿಡಿ. ಜೋರು ಮಾಡಿ ತಿರುಗಿಸಬೇಡಿ. ಹಳೆಯ ಆಯಿಲ್ ಪೂರ್ತಿ ಇಳಿಸಿ. ನಾಝಲ್, ಪಂಪ್ ಎರಡನ್ನೂ ಬಟ್ಟೆಯಲ್ಲಿ ಸುತ್ತಿ ನನಗೆ ಕಳಿಸಿ. ಟೆಸ್ಟ್ ಮಾಡಿ ಕೊಡುತ್ತೇನೆ, ದುಡ್ಡಿನ ಮಾತು ಬೇಡ. ಸ್ಟಾರ್ಟ್ ಮಾಡುವ ದಿನ ನನಗೊಂದು ಫೋನ್ ಮಾಡಿ. ಹ್ಯಾಂಡಲ್ ನೀವು ಹೊಡೆಯಿರಿ, ಲಿವರ್ ಮಗಳ ಕೈಗೆ ಕೊಡಿ.